ಹಳೇ ಸರ್ವರ್‌ನಲ್ಲಿ ನಿಂತ ಕಾಗದ

...ಹಿರಿಯರನ್ನ ಯಾಕೆ ಕರ್ಕೊಂಡು ಬರಲಿಲ್ಲ ಅಂತ ನೋಡ್ತಿದೀಯ, ಅಲ್ವಾ ವಸೀತಿ? ಯಂಗೋನಾ ಬೇರಿನ ಕಟ್ಟು ಹಿಡ್ಕೊಂಡು ತಪ್ಪೊಪ್ಪಿಕೊಳ್ಳೋಕೆ ಬರೋನು ಒಬ್ಬನೇ ಬರಬಾರದು. ಗೊತ್ತು. ನಮ್ಮ ಕಂದಾವು ದ್ವೀಪದೋರು ನೋಡಿದ್ರೆ ಆಡ್ಕೊಂಡು ನಗ್ತಾರೆ. ಮುಂದೆ ಕೂತು ಮಾತಾಡೋಕೆ ಒಬ್ಬ ಹಿರಿಯ ಬೇಕು, ನಾನು ಹಿಂದೆ ತಲೆ ತಗ್ಗಿಸ್ಕೊಂಡು ಕೂತಿರಬೇಕು. ಆದ್ರೆ ಹಿರಿಯರನ್ನ ಕರೀಬೇಕಂದ್ರೆ ಮೊದಲು ಅವರಿಗೆ ವಿಷಯ ಹೇಳ್ಬೇಕಲ್ಲ ತಂಗಿ... ಅದಕ್ಕೇ ಒಬ್ಬನೇ ಬಂದೆ.

ನೀನು ಹೆಣೀತಾ ಇರು. ಚಾಪೆ ನಿಲ್ಲಿಸ್ಬೇಡ. ನಿನ್ನ ಕೈ ಆಡ್ತಾ ಇದ್ರೆ ನಂಗೆ ಮಾತಾಡೋದು ಸುಲಭ.

ಏನಾಯ್ತು ಅಂದ್ರೆ, ನಿನ್ನೆ ಆಫೀಸಲ್ಲಿ ಗೌಂಡರ್ ಸಾರ್ ನನ್ನ ಕರೆದ್ರು. ‘ಎಮೋಸಿ, ಆ ಹಳೇ ಮಷೀನನ್ನ ಇನ್ನೂ ಎಷ್ಟು ದಿನ ಇಟ್ಕೊಂಡಿರ್ತೀಯಪ್ಪಾ, ಗುಜರಿಗೆ ಹಾಕು’ ಅಂದ್ರು. ನಿಂಗೊತ್ತಲ್ಲ, ಗೋದಾಮಿನ ಹಿಂದಿನ ತಣ್ಣನೆ ಕೋಣೆ. ನೀನು ನೆಲ ಒರೆಸೋಕೆ ಬಂದಾಗೆಲ್ಲ ‘ಅಣ್ಣ, ಈ ಪೆಟ್ಟಿಗೆಗೆ ಇರೋ ತಂಪು ಗಾಳಿ ನಮಗಿಲ್ಲ’ ಅಂತಿದ್ದೆಯಲ್ಲ, ಅದೇ ಮಷೀನು. ಆಫೀಸಿನ ಅಷ್ಟೂ ಜನರ ಇಮೇಲು ಹನ್ನೊಂದು ವರ್ಷ ಅದರೊಳಗೇ ಇದ್ದಿದ್ದು. ಬೇರೆಯೋರ ಮಷೀನಲ್ಲಿ ನಮ್ಮ ಪತ್ರ ಇಡೋದು ಬೇಡ, ಚಂಡಮಾರುತ ಬಂದು ಲೈನ್ ಹೋದ್ರೂ ನಮ್ಮದು ನಮ್ಮ ಮನೇಲೇ ಇರ್ಲಿ ಅನ್ನೋದು ಸಾರ್ ಹಠ. ಹೋದ ವರ್ಷ ಆ ಸಾಫ್ಟ್‌ವೇರ್ ತುಂಬಾ ಹಳೇದಾಯ್ತು, ಇನ್ನು ಯಾರೂ ಅದಕ್ಕೆ ರಿಪೇರಿ ಕಳಿಸಲ್ಲ ಅಂತ ಗೊತ್ತಾಯ್ತು. ಆಕ್ಲೆಂಡಿನಿಂದ ಹಡಗಲ್ಲಿ ಹೊಸ ಮಷೀನು ತರಿಸಿದ್ವಿ. ಹೊಸದನ್ನ ಹಳೇದರ ಪಕ್ಕ ನಿಲ್ಲಿಸಿ, ಒಬ್ಬೊಬ್ಬರ ಪತ್ರದ ಪೆಟ್ಟಿಗೇನೂ ಇದರಿಂದ ಅದಕ್ಕೆ ದಾಟಿಸ್ಬೇಕು. ನಾನೊಬ್ಬನೇ ಮಾಡಿದ್ದು, ಎರಡು ವಾರ. ಮೊದಲು ಸಾರ್ ಪೆಟ್ಟಿಗೆ, ಆಮೇಲೆ ಲೆಕ್ಕದೋರದು, ಹಡಗಿನೋರದು... ಕೊನೇಗೆ ನಿಂದು.

ಹ್ಞೂ, ನಿಂದೇ ಕೊನೆ. ಚಹಾ ಕೊಡೋಳಿಗೆ ಇಮೇಲ್ ಯಾಕೆ ಅಂತ ಕೆಲವರು ಕೇಳಿದ್ರು ಆಗ. ನಾನೇ ಮಾಡಿಕೊಟ್ಟಿದ್ದೆ. ರೇವಾ ನದಿ ದಾಟುವಾಗ ನಿನ್ನ ಫೋನು ನೀರಿಗೆ ಬಿತ್ತಲ್ಲ, ಆಸ್ಟ್ರೇಲಿಯಾದ ಆ ವೃದ್ಧಾಶ್ರಮದ ಕೆಲಸಕ್ಕೆ ಅರ್ಜಿ ಹಾಕುವಾಗ ಕೊಡೋಕೆ ನಿನ್ನ ಹತ್ರ ನಂಬರೇ ಇರಲಿಲ್ಲ. ‘ಚಿಂತೆ ಮಾಡ್ಬೇಡ, ಆಫೀಸಿನ ವಿಳಾಸ ಕೊಡೋಣ, ಬಂದ್ರೆ ನಾನೇ ಹೇಳ್ತೀನಿ’ ಅಂದೆ. ಅರ್ಜಿ ತುಂಬಿದ್ದೂ ನಾನೇ. ಅನುಭವ ಅನ್ನೋ ಕಡೆ ಏನು ಬರೆದೆ ಅಂತ ನೆನಪಿದೆಯಾ? ‘ಹಾಸಿಗೆ ಹಿಡಿದ ಮುದುಕಿಯನ್ನು ಎರಡು ವರ್ಷ ನೋಡಿಕೊಂಡಿದ್ದಾಳೆ.’ ಮುದುಕಿ ಯಾರು? ನಮ್ಮಮ್ಮ.

ಇರ್ಲಿ. ಈ ಕಾಗದ ತಗೋ. ನಿನ್ನೆ ಹಳೇ ಮಷೀನು ಖಾಲಿ ಮಾಡುವಾಗ ಸಿಕ್ತು. ಪ್ರಿಂಟ್ ಹಾಕಿ ತಂದೆ. ಕನ್ನಡಕ ಇದೆಯಾ? ನಿಧಾನಕ್ಕೆ ಓದು.

...

ಓದಿದ್ಯಾ. ಹ್ಞೂ. ಅದೇ. ‘ನಿಮ್ಮನ್ನು ಆಯ್ಕೆ ಮಾಡಿದ್ದೇವೆ, ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಿಗೆ ತಿಳಿಸಿ.’ ನೀನು ಆಯ್ಕೆ ಆಗಿದ್ದೆ ವಸೀತಿ. ನಿಂಗೇ ಬಂದಿತ್ತು. ಹನ್ನೊಂದು ತಿಂಗಳ ಹಿಂದೆ. ಇದಕ್ಕೇ ನಾನು ಬೇರಿನ ಕಟ್ಟು ತಂದಿದ್ದು. ಅವತ್ತು ನಿನ್ನ ಪೆಟ್ಟಿಗೆ ದಾಟ್ತಾ ದಾಟ್ತಾ ಅರ್ಧ ದಾರೀಲಿ ನಿಂತ್ಬಿಟ್ಟಿತ್ತು. ಅಂಥ ಹೊತ್ತಲ್ಲಿ ಬಂದ ಪತ್ರ ಹಳೇದಕ್ಕೂ ಸೇರಲ್ಲ, ಹೊಸದಕ್ಕೂ ಸೇರಲ್ಲ, ನಡುವೆ ಸರದೀಲಿ ಕಾಯ್ತಾ ನಿಲ್ಲುತ್ತೆ. ಆಮೇಲೆ ಹಳೇ ಮಷೀನು ಆರಿಸಿದೆ, ಪತ್ರ ಅದರೊಳಗೇ ಉಳೀತು. ಮಷೀನಿನ ತಪ್ಪು ಅಂದ್ರೂ ನೋಡ್ಕೊಳ್ಳೋನು ನಾನಲ್ವಾ? ಅದಕ್ಕೆ ನನ್ನದೇ ತಪ್ಪು ಅಂತ ಬಂದೆ. ಕ್ಷಮಿಸ್ಬಿಡು.

ಕಾಗದ ನೀನೇ ಇಟ್ಕೋ.

ನೀನು ಬೈದ್ರೂ ಸರಿ. ನೀನು ನನ್ನ ಬೈದೋಳಲ್ವಾ ಏನು? ಅಮ್ಮನ್ನ ಎತ್ತೋಕೆ ಬರದೆ ನಾನು ಬೀಳಿಸೋ ಹಾಗೆ ಮಾಡಿದಾಗ ‘ಗಂಡಸ್ರ ಕೈ ದಾಲೋ ಗೆಡ್ಡೆ ಅಗೆಯೋಕೆ ಮಾತ್ರ ಸರಿ’ ಅಂತ ನೀನು ನನ್ನ ಆಚೆ ತಳ್ಳಿದ್ದೆ. ಅಮ್ಮ ಆ ನೋವಲ್ಲೂ ನಕ್ಕಿದ್ಲು. ನಮ್ಮ ಕೆಲೆರಾನ ಪಕ್ಕ ನಿಲ್ಲಿಸ್ಕೊಂಡು, ಮೊಣಕಾಲು ಬಗ್ಗಿಸು, ಕಂಕುಳಲ್ಲಿ ಕೈ ಕೊಡು, ಮುದುಕರ ಚರ್ಮ ಎಳೀಬಾರದು ಅಂತ ಹೇಳಿಕೊಟ್ಟೆ. ನನ್ನ ಮಗಳು ಆ ಕೆಲಸ ಕಲ್ತಿದ್ದೇ ನಿನ್ನಿಂದ.

ಯಾಕೆ ಹೆಣೆಯೋದು ನಿಲ್ಲಿಸಿದೆ?

ಕೆಲೆರಾ ಹೆಸರು ಹೇಳಿದ್ದಕ್ಕಾ? ಅವಳ ತಪ್ಪೇನೂ ಇಲ್ಲ ಇದರಲ್ಲಿ. ನಿನ್ನ ಅರ್ಜಿ ತುಂಬ್ತಾ ಇದ್ದಾಗ, ಇಂಥ ಕೆಲಸ ಇದೆ ಅಂತ ಗೊತ್ತಾಯ್ತು ನಂಗೆ. ಮನೇಲಿ ಹೇಳಿದೆ. ಅವಳೂ ಹಾಕಿದ್ಲು. ನಿಂಗೆ ಹೇಳಲಿಲ್ಲ, ಅಷ್ಟೆ. ಹೇಳೋಣ ಅಂತಾನೇ ಇದ್ದೆ... ಇಬ್ಬರಿಗೂ ಸಿಕ್ಕರೆ ಇಬ್ಬರೂ ಒಟ್ಟಿಗೆ ವಿಮಾನ ಹತ್ತಲಿ, ನಿನ್ನ ಜೊತೆ ಇದ್ರೆ ಮಗಳ ಬಗ್ಗೆ ನಂಗೂ ಯೋಚನೆ ಇಲ್ಲ, ಹೀಗೇ ಅಂದ್ಕೊಂಡಿದ್ದೆ. ದೇವರಾಣೆ, ಮೊದಲು ಹಾಗೇ ಅಂದ್ಕೊಂಡಿದ್ದೆ.

ಹಾಗೆ ನೋಡ್ಬೇಡ. ಒಂದು ಮಾತು ನಿಜ ಹೇಳ್ತೀನಿ. ನಿನ್ನೆ ಸಿಕ್ತು ಅಂದೆ ನೋಡು, ಅದು ಪೂರ್ತಿ... ಅವತ್ತು ಶುಕ್ರವಾರ ಬೆಳಿಗ್ಗೆ ಸರದೀಲಿ ಒಂದು ಪತ್ರ ನಿಂತಿದೆ ಅನ್ನೋದನ್ನ ನೋಡಿದ್ದೆ. ‘ಒಂದು’ ಅಂತ ಮಾತ್ರ ತೋರಿಸ್ತಿತ್ತು. ಯಾರದೋ ಏನೋ, ಆಮೇಲೆ ನೋಡೋಣ ಅಂತ ಬಿಟ್ಟೆ. ಶುಕ್ರವಾರ ಸಾರ್ ಪೆಟ್ಟಿಗೆ ಬೇರೆ ತೆರೀತಿರಲಿಲ್ಲ, ಕೂಗಾಡ್ತಿದ್ರು. ಶನಿವಾರ ಚರ್ಚಿನಲ್ಲಿ ಹಾಡಿನ ತಾಲೀಮು. ಮರೆತುಬಿಟ್ಟೆ. ಮರೆವು ತಂಗಿ. ನಾಚಿಕೆ ಆಗಿ ‘ನಿನ್ನೆ ಸಿಕ್ತು’ ಅಂದೆ.

ಹ್ಞೂ... ಅದೇ ನಿಜ.

ನಿನ್ನ ಮಗಳು ಸಲೋತೆ ಫೀಸಿಗೆ ದುಡ್ಡಿಲ್ಲದೆ ಕಾಲೇಜು ಬಿಟ್ಟು ಬಟ್ಟೆ ಫ್ಯಾಕ್ಟರಿಗೆ ಸೇರಿದ ದಿನ ನಂಗೆ ಊಟ ಸೇರಲಿಲ್ಲ. ತಿತಿಲಿಯಾ ಏನಾಯ್ತು ನಿಮಗೆ ಅಂತ ಕೇಳಿದ್ಲು. ಹೆಂಡತಿಗೆ ಹೇಳೋಕೆ ಆಗುತ್ತಾ ಇಂಥದ್ದು? ಅವಳು ಪ್ರತಿ ಭಾನುವಾರ, ಮಗಳು ಆಸ್ಟ್ರೇಲಿಯಾದಿಂದ ಕಳಿಸೋ ಫೋಟೋ ಚರ್ಚಿನಲ್ಲಿ ಎಲ್ಲರಿಗೂ ತೋರಿಸ್ಕೊಂಡು ಬರ್ತಾಳೆ. ನಿಂಗೂ ತೋರಿಸಿದಾಳೆ. ನೀನು ಫೋಟೋ ನೋಡಿ ‘ಮೈಕೈ ತುಂಬ್ಕೊಂಡಿದಾಳೆ ಹುಡುಗಿ’ ಅಂದೆಯಂತೆ. ಮನೆಗೆ ಬಂದು ಹೇಳಿದ್ಲು. ನಾನು ಎದ್ದು ಆಚೆ ಹೋದೆ.

ಏನದು? ಕಾಗದದಲ್ಲಿ ಏನು ತೋರಿಸ್ತಿದೀಯ?

ಮೇಲ್ಗಡೆ ಆ ಸಣ್ಣಕ್ಷರವಾ? ಅದು ಮಷೀನಿಂದು. ಪ್ರಿಂಟ್ ತೆಗೆದ್ರೆ ತಾನೇ ಬರುತ್ತೆ. ಅದರಲ್ಲೇನೂ...

ಕೊಡು ಇಲ್ಲಿ.

...

ನಂಗೆ ಕಾಣಿಸಲೇ ಇಲ್ಲ ಇದು. ನಿನ್ನೆ ಎರಡು ಸಲ ಮಡಚಿದೆ, ಜೇಬಲ್ಲಿಟ್ಟೆ, ಬಸ್ಸಲ್ಲಿ ತೆಗೆದು ಮತ್ತೆ ನೋಡಿದೆ. ಕಾಣಿಸಲೇ ಇಲ್ಲ. ಹ್ಞೂ, ಸರಿ. ಪತ್ರ ಸರದಿಯಿಂದ ತೆಗೆದಿಟ್ಟ ದಿನ, ಗಂಟೆ. ತೆಗೆದೋರ ಹೆಸರು. ಶುಕ್ರವಾರ, ಹತ್ತೂ ನಲವತ್ತು. ಎಮೋಸಿ.

ವಸೀತಿ, ಕೇಳು. ಸರದೀಲಿ ನಿಂತಿರೋ ಪತ್ರ ತಾನಾಗಿ ತೆರ್ಕೊಳ್ಳಲ್ಲ. ಸುಮ್ಮನೆ ಕಣ್ಣಿಗೆ ಬೀಳಲ್ಲ. ಅದನ್ನ ತಡೆದು ನಿಲ್ಲಿಸಿ, ಬೇರೆ ಕಡೆ ತೆಗೆದಿಟ್ಟು, ಆಮೇಲೆ ಬಿಚ್ಚಿ ಓದ್ಬೇಕು. ಬೇಕಂತಲೇ ಮಾಡಿದ್ರೆ ಮಾತ್ರ ಆಗೋದು. ನಾನು ಮಾಡಿದೆ. ಕಳಿಸಿದೋರ ಹೆಸರು ನೋಡಿದೆ, ಖುಷಿ ಆಯ್ತು. ಸುಳ್ಳಲ್ಲ, ಮೊದಲು ಖುಷೀನೇ ಆಯ್ತು. ಓಡಿ ಬಂದು ಹೇಳೋಣ ಅಂತ ಕುರ್ಚಿಯಿಂದ ಎದ್ದೆ. ಎದ್ದು ನಿಂತ್ಕೊಂಡೇ ಕೊನೇ ಸಾಲು ಓದಿದೆ. ‘ಉತ್ತರ ಬಾರದಿದ್ದರೆ ಈ ಸ್ಥಾನ ಕಾಯುವ ಪಟ್ಟಿಯ ಮೊದಲ ಹೆಸರಿಗೆ ಹೋಗುತ್ತದೆ.’

ಅದರ ಹಿಂದಿನ ಬುಧವಾರ ಕೆಲೆರಾಗೆ ಕಾಗದ ಬಂದಿತ್ತು. ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ ಅಂತ.

ಮತ್ತೆ ಕೂತೆ.

ಒಂದೇ ಒಂದು ಗುಂಡಿ ಒತ್ತಿದ್ರೆ ಸಾಕಿತ್ತು, ಪತ್ರ ನಿನ್ನ ಪೆಟ್ಟಿಗೆಗೆ ಹೋಗ್ತಿತ್ತು. ಒತ್ತಲ್ಲ ಅಂತ ತೀರ್ಮಾನ ಮಾಡಿದೆ ಅಂತಾನೂ ಅಲ್ಲ. ಊಟ ಆದ್ಮೇಲೆ ಒತ್ತೋಣ ಅಂದ್ಕೊಂಡೆ. ಆಮೇಲೆ ಸಾಯಂಕಾಲ ಒತ್ತೋಣ ಅಂದ್ಕೊಂಡೆ. ಶನಿವಾರ ಹಾಡ್ತಾ ನಿಂತಿದ್ದಾಗ, ಇನ್ನೂ ಸೋಮವಾರದ ತನಕ ಟೈಮ್ ಇದೆಯಲ್ಲ ಅಂದ್ಕೊಂಡೆ. ಭಾನುವಾರ ಕೆಲೆರಾ ನನ್ನ ಅಂಗಿ ಇಸ್ತ್ರಿ ಮಾಡ್ತಾ, ‘ಅಪ್ಪ, ವಸೀತಿ ಅತ್ತೆಗೆ ಬಂದೇ ಬರುತ್ತೆ, ನಂಗೆ ಮುಂದಿನ ವರ್ಷ ಆದ್ರೂ ಆಗ್ಲಿ’ ಅಂದ್ಲು. ಅವಳ ಮುಖ ನೋಡಿದೆ. ಹೆತ್ತ ಕರುಳು ಅಂತ ನೆಪ ಹೇಳ್ತಿಲ್ಲ. ನಿಂಗೂ ಇಬ್ಬರಿದಾರೆ.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಿದೆ ನೀನು. ‘ಏನಾದ್ರೂ ಬಂತಾ ಅಣ್ಣ?’ ಪತ್ರ ನನ್ನೆದುರಿಗೇ ಇತ್ತು. ಪರದೆ ಮೇಲೇ ಇತ್ತು. ‘ಬಂದ್ರೆ ಹೇಳಲ್ವಾ’ ಅಂದೆ ನಾನು.

ಹನ್ನೊಂದೂವರೆಗೆ ನೀನು ಚಹಾ ತಂದಿಟ್ಟೆ. ‘ನಿಂಬೆ ಎಲೆ ಹಾಕಿದೀನಿ, ತಲೆನೋವು ಹೋಗುತ್ತೆ, ಮೂರು ದಿನದಿಂದ ಮುಖ ಬಾಡಿದೆ ನಿಮ್ಮದು’ ಅಂದೆ. ನೀನು ಹೋದ್ಮೇಲೆ ಆ ಚಹಾ ಮುಂದಿಟ್ಕೊಂಡು ಗಡಿಯಾರ ನೋಡ್ತಾ ಕೂತೆ. ಹನ್ನೆರಡಾಯ್ತು. ಹನ್ನೆರಡೂ ಹತ್ತಾಯ್ತು. ಆಮೇಲೆ ಪತ್ರ ಸರದಿಯಿಂದ ಅಳಿಸಿದೆ, ಶುಕ್ರವಾರ ತೆಗೆದಿಟ್ಟ ಪ್ರತಿ ಮಾತ್ರ ಹಳೇ ಮಷೀನಲ್ಲೇ ಉಳೀತು, ನಿನ್ನ ಖಾಲಿ ಪೆಟ್ಟಿಗೇನ ಹೊಸದಕ್ಕೆ ದಾಟಿಸಿದೆ, ಸಾರ್ ಹತ್ರ ಹೋಗಿ ಕೆಲಸ ಮುಗೀತು, ಒಂದೂ ಪತ್ರ ಕಳೆದುಹೋಗಿಲ್ಲ ಅಂತ ಹೇಳಿದೆ. ಭೇಷ್ ಎಮೋಸಿ ಅಂದ್ರು. ವಾಪಸ್ ಬಂದು ಆ ಚಹಾ ಕುಡಿದೆ.

ಇಷ್ಟೇ. ಇನ್ನೇನೂ ಉಳಿದಿಲ್ಲ.

ಬೇರಿನ ಕಟ್ಟು ಮುಟ್ಟಿ ಕ್ಷಮಿಸ್ದೆ ಅನ್ನು ಅಂತ ಕೇಳಲ್ಲ ನಾನು. ಅದಕ್ಕೆ ಬಂದಿದ್ದೆ, ಈಗ ಕೇಳಲ್ಲ. ಮರೆವಿಗೆ ಅಂತ ತಂದಿದ್ದು ಅದು. ಇದಕ್ಕೆ ಸಾಲಲ್ಲ.

ಎಲ್ಲಿಗೆ ಏಳ್ತೀಯ? ಬೇಡ, ನಾನೇ ಹೊರಡ್ತೀನಿ, ನೀನು ಏಳ್ಬೇಡ...

ಇದೇನು? ಫೋನು ಯಾಕೆ?

ಯಾರಿಗೆ?

...ಕೆಲೆರಾಗಾ? ಈಗಲಾ? ಈಗ ಅಲ್ಲಿ ಅವಳ ಊಟದ ಹೊತ್ತು ತಂಗಿ. ನಾಳೆ ನಾನೇ ಸಮಾಧಾನವಾಗಿ... ಅಲ್ಲ, ಅವಳಿಗೆ ಯಾಕೆ? ಅವಳಿಗೆ ಏನೂ ಗೊತ್ತಿಲ್ಲ. ನಿಂಗೆ ಬಂದಿತ್ತು, ಮಕ್ಕಳನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲದೆ ನೀನೇ ಬೇಡ ಅಂದೆ ಅಂತ ಅಂದ್ಕೊಂಡಿದಾಳೆ ಅವಳು. ಹ್ಞೂ. ನಾನೇ ಹಾಗಂದಿದ್ದು. ಇಲ್ಲಾಂದ್ರೆ ಹೋಗ್ತಿರಲಿಲ್ಲ ಅವಳು.

ಹಾಗೆ ಕೈ ಚಾಚ್ಕೊಂಡೇ ನಿಂತಿರ್ಬೇಡ ವಸೀತಿ.

ಸರಿ. ಕೊಡು.

...

ಹಲೋ. ಕೆಲೆರಾ? ನಾನು ಮಗಾ, ಅಪ್ಪ. ಹ್ಞೂ, ಅತ್ತೆ ನಂಬರೇ. ಅವರ ಮನೇಲೇ ಇದೀನಿ. ಇಲ್ಲ ಇಲ್ಲ, ಅಮ್ಮ ಚೆನ್ನಾಗಿದಾಳೆ, ಎಲ್ಲರೂ ಚೆನ್ನಾಗಿದೀವಿ. ಊಟ ಆಯ್ತಾ? ಸರಿ, ತಟ್ಟೆ ಅಲ್ಲಿಡು. ಸ್ವಲ್ಪ ಆಚೆ ಬಾ, ಒಬ್ಬಳೇ ಇರೋ ಕಡೆ. ನಿನ್ನ ಈ ಕೆಲಸದ ವಿಷಯ... ಅತ್ತೆ ಇಲ್ಲೇ ಇದಾರೆ, ಕೇಳಿಸ್ಕೊಳ್ತಿದಾರೆ. ಕೊಡ್ತೀನಿ, ಅವರಿಗೆ ಆಮೇಲೆ ಕೊಡ್ತೀನಿ. ಅವರು ಮಾತಾಡಿದ್ರೆ. ಮೊದಲು ನಾನು ಹೇಳೋದು ಕೇಳು.

ಇಲ್ಲ ಮಗಾ. ಅವರು ಬೇಡ ಅನ್ನಲಿಲ್ಲ. ಅವರನ್ನ ಯಾರೂ ಕೇಳಲೇ ಇಲ್ಲ.