ಟ್ರಿಪ್ ಕ್ಯಾನ್ಸಲ್

ಒಂದು ಊರು, ಆ ಊರಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ. ಊರ ಹೆಸರು ಕೇಳಬೇಡಿ. ಹೆಸರು ಹೇಳಿದ್ರೆ ನೀವು 'ಓಹೋ, ಅಲ್ಲಿಯವರ ಕತೆ' ಅಂದ್ಕೊಂಡು ಆರಾಮಾಗಿ ದೇವಸ್ಥಾನದ ಗೋಡೆಗೆ ಒರಗಿಬಿಡ್ತೀರಿ. ಒರಗಿ ಕೇಳೋ ಕತೆ ಅಲ್ಲ ಇದು.

ಗಂಡನಿಗೆ ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಹೆಂಡತಿ ಪ್ರೈಮರಿ ಶಾಲೆಯಲ್ಲಿ ಟೀಚರ್. ಒಬ್ಬಳೇ ಮಗಳು, ಇಂಚರ ಅಂತ, ನಾಲ್ಕನೇ ಕ್ಲಾಸು. ನೋಡಿ, ಮೊದಲೇ ಹೇಳಿಬಿಡ್ತೀನಿ, ಇವರು ಕೆಟ್ಟವರಲ್ಲ. ಮಗಳು ಅಂದ್ರೆ ಪ್ರಾಣ. ಕುಡಿತ ಇಲ್ಲ, ಕೂಗಾಟ ಇಲ್ಲ, ಮಗುವಿಗೆ ಒಂದೇಟು ಹೊಡೆದವರಲ್ಲ. ಮಕ್ಕಳನ್ನ ಹೊಡೆಯೋರ ಕತೆ ಆಗಿದ್ರೆ ನಾನು ಹೇಳಬೇಕಾಗೇ ಇರಲಿಲ್ಲ, ನೀವೇ ನನಗೆ ಹೇಳ್ತಿದ್ರಿ.

ಈ ಗಂಡ ಹೆಂಡತಿ ಮಗಳನ್ನ ದೊಡ್ಡ ಪಟ್ಟಣದ ಹತ್ತಿರ ಇರೋ ಥೀಮ್ ಪಾರ್ಕಿಗೆ ಕರ್ಕೊಂಡು ಹೋಗಬೇಕು ಅಂತ ತೀರ್ಮಾನ ಮಾಡಿದ್ರು. ಗೊತ್ತಲ್ಲ, ನೀರಿನ ಜಾರುಬಂಡೆ, ತಲೆಕೆಳಗಾಗೋ ರೈಲು, ಕೃತಕ ಅಲೆ ಬರೋ ಕೊಳ. ಕ್ರಿಸ್‌ಮಸ್ ರಜೆಗೆ ಹೋಗೋದು ಅಂತ ಆಯ್ತು. ಆಮೇಲೆ ಶುರುವಾಯ್ತು ನೋಡಿ ತಯಾರಿ. ಮದುವೆಗೂ ಜನ ಅಷ್ಟು ತಯಾರಿ ಮಾಡಲ್ಲ. ಊಟ ಆದ ಕೂಡಲೇ ಇಬ್ಬರೂ ಫೋನ್ ಹಿಡ್ಕೊಂಡು ಕೂರೋರು. ಯಾವ ಆಟ ಮೊದಲು, ಯಾವುದು ಆಮೇಲೆ? ಒದ್ದೆ ಆಟ ಊಟಕ್ಕೆ ಮುಂಚೆಯೋ, ಊಟ ಆದ ಮೇಲೋ? ಎಲ್ಲರೂ ಗೇಟಿನ ಹತ್ತಿರದ ಆಟಕ್ಕೆ ನುಗ್ತಾರೆ, ನಾವು ಸೀದಾ ಹಿಂದಿನ ಮೂಲೆಗೆ ಹೋಗೋಣ ಅಂತ ಗಂಡನ ಲೆಕ್ಕಾಚಾರ. ಒಳಗೆ ಮನೆ ಊಟ ಬಿಡಲ್ಲ ಅಂತ ಅವನು ಹೇಳಿದ್ರೆ, ಗೇಟಿನ ಹೊರಗೇ ಕೂತು ಪುಳಿಯೋಗರೆ ತಿಂದು ಹೋಗೋಣ ಅಂತ ಅವಳು. ಎಷ್ಟೋ ವರ್ಷದ ಮೇಲೆ ಇಬ್ಬರೂ ಒಂದೇ ವಿಷಯಕ್ಕೆ ನಗ್ತಾ ಕೂತಿದ್ರು. ಒಳ್ಳೇದೇ ತಾನೆ?

ಹೀಗಿರುವಾಗ ಒಂದು ದಿನ ಮಗಳು ಹಾಗಲಕಾಯಿ ಪಲ್ಯ ತಿನ್ನಲ್ಲ ಅಂತ ತಟ್ಟೆ ತಳ್ಳಿದಳು. ಅಪ್ಪ ತಮಾಷೆಗೆ ಅಂದ, "ಬೇಡ್ವಾ? ಸರಿ, ಟ್ರಿಪ್ ಕ್ಯಾನ್ಸಲ್." ಮಗು ತಟ್ಟೆ ಹತ್ತಿರ ಎಳ್ಕೊಂಡು ಪಲ್ಯ ಖಾಲಿ ಮಾಡಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. ಅರೆ, ಇಷ್ಟು ಸುಲಭನಾ?

ಅಲ್ಲಿಂದ ಆ ಮಾತು ಮನೆಯಲ್ಲಿ ಉಪ್ಪಿನ ಹಾಗೆ ಬಳಕೆಗೆ ಬಂತು. ಹಾಲು ಕುಡೀದಿದ್ರೆ ಟ್ರಿಪ್ ಕ್ಯಾನ್ಸಲ್. ಟೀವಿ ಆರಿಸದಿದ್ರೆ ಟ್ರಿಪ್ ಕ್ಯಾನ್ಸಲ್. ಕೂಗಿದ ತಕ್ಷಣ ಏಳದಿದ್ರೆ ಟ್ರಿಪ್ ಕ್ಯಾನ್ಸಲ್. ಕೋಲು ಬೇಡ, ಗದರೋದು ಬೇಡ, ಎರಡು ಮಾತು ಸಾಕು ಅಂತ ಆ ತಾಯಿ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಳು. ಉಳಿದ ಟೀಚರುಗಳೂ ಕಲಿತುಕೊಂಡು ಹೋದ್ರು. ನೀವೂ ನಗ್ತಾ ಇದ್ದೀರಿ. ನಗಿ, ಪರವಾಗಿಲ್ಲ. ಯಾಕೆ ನಗ್ತಿದ್ದೀರಿ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಪಕ್ಕದ ಮನೆ ಹುಡುಗಿ ಹತ್ತಿರ ಒಂದು ದೊಡ್ಡ ಸೈಕಲ್ ಇತ್ತು. ಇಂಚರಳ ಕಾಲು ಪೆಡಲಿಗೆ ಸರಿಯಾಗಿ ಎಟುಕ್ತಿರಲಿಲ್ಲ, ರಸ್ತೆಯಲ್ಲಿ ಬೇರೆ ಲಾರಿ ಓಡಾಟ. ಆ ಸೈಕಲ್ ಮುಟ್ಟಿದೆ ಅಂತ ಗೊತ್ತಾದ್ರೆ ಟ್ರಿಪ್ ಕ್ಯಾನ್ಸಲ್ ಅಂತ ತಾಯಿ ಹೇಳಿದಳು. ಸೈಕಲ್ ಬೇಡ ಅಂದಿದ್ದು ತಪ್ಪಾ? ಖಂಡಿತ ಅಲ್ಲ. ಯಾವ ತಾಯಿಯಾದ್ರೂ ಹೇಳಬೇಕಾದ ಮಾತು. ಆದ್ರೆ ಬೇಡ ಅನ್ನೋದಕ್ಕೆ ಬಾಲದ ಹಾಗೆ ಇನ್ನೊಂದನ್ನ ಕಟ್ಟಿದಳಲ್ಲ, ಅಲ್ಲಿದೆ ಕತೆ.

ರಜೆ ಹತ್ತಿರ ಬಂತು. ಕೊನೆಯ ಎರಡು ವಾರ ಮಗು ಬಂಗಾರ ಆಗಿಬಿಟ್ಟಿತು. ಹಟ ಇಲ್ಲ, ಜಗಳ ಇಲ್ಲ. ಆಡೋಕೆ ಹೊರಗೂ ಹೋಗ್ತಿರಲಿಲ್ಲ. ಏನಮ್ಮ ಅಂದ್ರೆ, ಏನಿಲ್ಲ ಅಂತ ನಗ್ತಿತ್ತು. ಮಗಳಿಗೆ ಬುದ್ಧಿ ಬಂತು ಅಂತ ತಾಯಿ ಖುಷಿಪಟ್ಟಳು. ರಾತ್ರಿ ಗಂಡನಿಗೂ ಅದನ್ನೇ ಹೇಳಿದಳು.

ಹೊರಟ್ರು. ಬಸ್ಸು ಇಳಿದು, ಪುಳಿಯೋಗರೆ ತಿಂದು, ಗೇಟಿನ ಸಾಲಲ್ಲಿ ನಿಂತ್ರು. ಅಲ್ಲಿ ಟಿಕೆಟ್ ತೋರಿಸಿದವರ ಮಣಿಕಟ್ಟಿಗೆಲ್ಲ ಒಂದು ಬಣ್ಣದ ಕಾಗದದ ಪಟ್ಟಿ ಕಟ್ತಾರೆ. ಅಪ್ಪನಿಗೆ ಕಟ್ಟಿದ್ರು. ಅಮ್ಮನಿಗೆ ಕಟ್ಟಿದ್ರು. ಮಗು ಎಡಗೈ ಚಾಚಿತು.

ನೋಡಿ, ಯಾವ ಕೈಯಾದ್ರೂ ನಡೀತಿತ್ತು. ಕಟ್ಟೋ ಹುಡುಗಿ ಏನೂ ಅನ್ನಲಿಲ್ಲ. ಆದ್ರೆ ನಾವು ಮಕ್ಕಳಿಗೆ ಏನು ಕಲಿಸ್ತೀವಿ? ಯಾರಿಗೂ ಎಡಗೈ ನೀಡಬಾರದು. "ಬಲಗೈ ಕೊಡು ಪುಟ್ಟಿ" ಅಂದಳು ತಾಯಿ. ಮಗು ಕೊಡಲಿಲ್ಲ. ಹಿಂದೆ ಸಾಲು ಕಾಯ್ತಾ ಇತ್ತು. ತಾಯಿ ತಾನೇ ಆ ಬಲಗೈ ಹಿಡಿದು ಮುಂದಕ್ಕೆ ಎಳೆದು, ಸ್ವೆಟರಿನ ತೋಳು ಮೇಲಕ್ಕೆ ಸರಿಸಿದಳು.

ಮಣಿಕಟ್ಟು ಊದಿತ್ತು. ಕೈ ಅಲ್ಲಿಂದ ಒಂದು ಪಕ್ಕಕ್ಕೆ ಬಾಗಿತ್ತು. ಕೈ ಇರಬೇಕಾದ ಹಾಗೆ ಇರಲಿಲ್ಲ. ತಾಯಿಗೆ ತಾನು ಹಿಡಿದಿರೋದು ತನ್ನ ಮಗಳ ಕೈ ಅಂತಲೇ ಒಂದು ಕ್ಷಣ ಅನ್ನಿಸಲಿಲ್ಲ. ತಲೆ ಎತ್ತಿ ಮಗುವಿನ ಮುಖ ನೋಡಿದಳು. ಮುಖ ಬಿಳಿಚಿಕೊಂಡಿದೆ, ಕಣ್ಣಲ್ಲಿ ನೀರು ತುಂಬಿದೆ, ಮಗು ನಗ್ತಾ ಇದೆ. ಕೇಳಿಸ್ಕೊಂಡ್ರಾ? ಮುರಿದ ಕೈಯನ್ನ ತಾಯಿ ಎಳೆದಿದ್ದಾಳೆ, ಮಗು ನಗ್ತಾ ಇದೆ.

"ಏನೂ ನೋವಿಲ್ಲ ಅಮ್ಮ," ಅಂದಳು ಇಂಚರ. "ಬೇಗ ಒಳಗೆ ಹೋಗೋಣ."

ಒಳಗೆ ಹೋಗಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಓಡಿದ್ರು. ಎಕ್ಸ್‌ರೇ ಆಯ್ತು. ಡಾಕ್ಟರು ಅದನ್ನ ಬೆಳಕಿಗೆ ಹಿಡಿದು ನೋಡಿ, ಇದು ಇವತ್ತು ಮುರಿದದ್ದಲ್ಲ, ಮುರಿದು ದಿನ ಆಗಿದೆ, ಮೂಳೆ ಆಗಲೇ ವಾರೆಯಾಗಿ ಕೂಡಿಕೊಳ್ತಾ ಇದೆ ಅಂದ್ರು. ಮತ್ತೆ ಬಿಡಿಸಿ ನೇರ ಮಾಡಬೇಕು, ಇಲ್ಲದಿದ್ರೆ ಕೈ ಹೀಗೇ ನಿಂತುಬಿಡಬಹುದು ಅಂದ್ರು. ಆಮೇಲೆ ಮಗುವಿನ ಕಡೆ ತಿರುಗಿ, ಯಾವಾಗ ಬಿದ್ದೆ, ಯಾಕೆ ಹೇಳಲಿಲ್ಲ ಅಂತ ಮೆತ್ತಗೆ ಕೇಳಿದ್ರು. ಮಗು ಅಪ್ಪನ ಮುಖ ನೋಡಿತು, ಅಮ್ಮನ ಮುಖ ನೋಡಿತು. ಸೈಕಲ್ ಹತ್ತಿದ್ದೆ, ಬಿದ್ದೆ, ಹೇಳಿದ್ರೆ ಟ್ರಿಪ್ ಕ್ಯಾನ್ಸಲ್ ಆಗ್ತಿತ್ತು ಅಂತ ನೆಲ ನೋಡಿಕೊಂಡು ಹೇಳಿತು.

ಆ ತಾಯಿಗೆ ಈಗ ಒಂದೊಂದೇ ನೆನಪಿಗೆ ಬಂತು. ಚಪಾತಿ ಬೇಡ, ಅನ್ನ ಕಲಸಿ ತಿನ್ನಿಸು ಅಂತ ಮಗು ಕೇಳಿದ್ದು, ಇಷ್ಟು ದೊಡ್ಡವಳಾಗಿ ನಾಚಿಕೆ ಆಗಲ್ವಾ ಅಂತ ತಾನು ಅಂದಿದ್ದು. ಸ್ನಾನ ನಾನೇ ಮಾಡ್ಕೋತೀನಿ ಅಂತ ಬಾಗಿಲು ಹಾಕ್ಕೊಂಡದ್ದು, ಬಿಸಿಲಲ್ಲೂ ಸ್ವೆಟರ್ ತೆಗೆಯದೆ ಇದ್ದದ್ದು. ಹೋದ ವಾರ ಮಗಳ ಕಾಪಿ ರೈಟಿಂಗ್ ನೋಡಿ ತನಗೆ ಸಿಟ್ಟು ಬಂದದ್ದು. ಟೀಚರ್ ಮಗಳು ಹೀಗೆ ಕಾಗೆ ಕಾಲಿನ ಹಾಗೆ ಬರೀತಾಳಾ ಅಂತ ತಾನೇ ರಬ್ಬರ್ ತಗೊಂಡು ಪುಟ ಪೂರ್ತಿ ಅಳಿಸಿ, ಪಕ್ಕದಲ್ಲಿ ಕೂತು ಮತ್ತೆ ಬರೆಸಿದ್ದಳು. ಅರ್ಧ ನಾಳೆ ಬರೀಲಾ ಅಮ್ಮ ಅಂತ ಮಗು ಕೇಳಿತ್ತು. ಅದಕ್ಕೆ ಅವಳು ಹೇಳಿದ್ದು ಅದೇ ಎರಡು ಮಾತು. ಮಗು ಪುಟ ಪೂರ್ತಿ ಬರೆದಿತ್ತು. ಆ ಕೈಯಲ್ಲಿ. ಕೊನೆಯ ಸಾಲು ಮುಗಿದಾಗ ಜಾಣಮರಿ ಅಂತ ತಾಯಿ ಬೆನ್ನು ತಟ್ಟಿದ್ದಳು.

ಯೋಚನೆ ಮಾಡಿ. ಒಂದು ಕೂದಲು ಸಿಕ್ಕಾದ್ರೂ ಅಮ್ಮಾ ಅಂತ ಕೂಗೋ ವಯಸ್ಸು ಅದು.

ಸಂಜೆ ಹೊತ್ತಿಗೆ ಮಗುವನ್ನ ಒಳಗೆ ಕರ್ಕೊಂಡು ಹೋಗೋಕೆ ನರ್ಸಮ್ಮ ಬಂದಳು. ಸೂಜಿ ಚುಚ್ಚೋ ಮುಂಚೆ ತಲೆ ಸವರಿ, ನೋವಾದ್ರೆ ಅಳು ಕಂದ, ತಡ್ಕೋಬೇಡ ಅಂದಳು. ಮಗು ತಾಯಿ ಕಡೆ ತಿರುಗಿತು. ಬಹಳ ಹುಷಾರಾಗಿ, ದೊಡ್ಡವರು ಅಂಗಡಿಯಲ್ಲಿ ರೇಟು ವಿಚಾರಿಸೋ ಹಾಗೆ ಕೇಳಿತು.

"ಅಮ್ಮ, ಅತ್ರೆ ಏನು ಕ್ಯಾನ್ಸಲ್ ಆಗುತ್ತೆ?"

ಈಗ ಯಾರೂ ನಗ್ತಾ ಇಲ್ಲ.

ಕೈ ಸರಿಹೋಯ್ತಾ ಅಂತ ಕೇಳ್ತೀರಿ. ಹೋಯ್ತು. ಮಕ್ಕಳ ಮೂಳೆ ಬೇಗ ಕೂಡುತ್ತೆ. ಆದ್ರೆ ಇವತ್ತಿಗೂ ಆ ಮಗು ಸ್ಕೂಲಿಂದ ಬಂದು 'ಏನಿಲ್ಲ ಅಮ್ಮ' ಅಂದ್ರೆ ಆ ತಾಯಿಗೆ ನಂಬೋಕೆ ಆಗಲ್ಲ. ನಂಬಬೇಕೋ ಬೇಡವೋ ಗೊತ್ತಾಗಲ್ಲ. ಮಗಳು ಎದುರಿಗೇ ಇದ್ದಾಳೆ, ಒಳಗೆ ಏನಿದೆ ಅನ್ನೋದು ಕಾಣಲ್ಲ. ಇದಕ್ಕಿಂತ ದೊಡ್ಡ ಶಿಕ್ಷೆ ಹೆತ್ತವಳಿಗೆ ಬೇರೆ ಏನಿದೆ ಹೇಳಿ?

ಮಕ್ಕಳನ್ನ ಅವರ ಪಾಡಿಗೆ ಬಿಟ್ಟುಬಿಡಿ ಅಂತ ನಾನು ಹೇಳ್ತಾ ಇಲ್ಲ. ಹಾಗಲಕಾಯಿ ತಿನ್ನಿಸಿ. ಸೈಕಲ್ ಬೇಡ ಅನ್ನಿ. ತಪ್ಪು ಮಾಡಿದ್ರೆ ಬೈಯಿರಿ, ಬೈದು ಮುಗಿಸಿ. ಆದ್ರೆ ಕೊಡ್ತೀನಿ ಅಂದದ್ದನ್ನ ಹಗ್ಗದ ಹಾಗೆ ಕೈಯಲ್ಲಿ ಹಿಡಿದು ದಿನಾ ಜಗ್ಗಬೇಡಿ. ನೀವು ದಿನಾ ದೇವರ ಮುಂದೆ ನಿಂತು ಬೇಡ್ತೀರಲ್ಲ, ನೀವು ಸುಳ್ಳು ಹೇಳಿದ ಮಾರನೇ ದಿನ ಅವನು ಬಿಸಿಲು ಕ್ಯಾನ್ಸಲ್ ಮಾಡಿದನಾ? ನೆರೆಯವರ ಮೇಲೆ ಹೊಟ್ಟೆಕಿಚ್ಚು ಪಟ್ಟ ದಿನ ನಿಮ್ಮ ಬಾವಿಗೆ ನೀರು ನಿಲ್ಲಿಸಿದನಾ? ಹಾಗೆ ಮಾಡಿದ್ದಿದ್ರೆ ಇಲ್ಲಿ ಕೂರೋಕೆ ನಮ್ಮಲ್ಲಿ ಯಾರು ಉಳೀತಿದ್ರು? ಅವನು ನಮಗೆ ಕೊಟ್ಟದ್ದನ್ನ ಲೆಕ್ಕ ನೋಡಿ ಕಿತ್ತುಕೊಳ್ಳಲಿಲ್ಲ. ಅದಕ್ಕೇ ತಾನೆ ಎಂಥಾ ತಪ್ಪು ಮಾಡಿದ ಮೇಲೂ ಅವನ ಮುಂದೆ ಹೋಗಿ ಬಾಯಿಬಿಟ್ಟು ಅಳೋಕೆ ನಮಗೆ ಧೈರ್ಯ? ಆ ಧೈರ್ಯ ನಿಮ್ಮ ಮಕ್ಕಳಿಗೆ ನಿಮ್ಮ ಮುಂದೆ ಇದೆಯಾ?

ಇವತ್ತು ಮನೆಗೆ ಹೋಗಿ ಮಗುವನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ. ನನ್ನಿಂದ ಬಚ್ಚಿಟ್ಟದ್ದು ಏನಾದ್ರೂ ಇದ್ರೆ ಹೇಳು, ಏನು ಹೇಳಿದ್ರೂ ಯಾವುದನ್ನೂ ಕಿತ್ತುಕೊಳ್ಳಲ್ಲ ಅನ್ನಿ. ಹೇಳಿದ ಮೇಲೆ ಸಿಟ್ಟು ಬರುತ್ತೆ, ಖಂಡಿತ ಬರುತ್ತೆ. ನುಂಗಿ. ನಾಳೆನೂ ಕೇಳಿ, ನಾಡಿದ್ದೂ ಕೇಳಿ. ಮೊದಲ ದಿನವೇ ಹೇಳಿಬಿಡಲ್ಲ ಅವು.

ಆಗಲೇ ಹಿಂದಿನ ಸಾಲಿನಿಂದ ಒಂದು ಮಾತು ನನ್ನ ಕಿವಿಗೆ ಬಿತ್ತು. 'ಗಲಾಟೆ ಮಾಡಿದ್ರೆ ಪ್ರಸಾದ ಇಲ್ಲ' ಅಂತ ಯಾರೋ ಮಗುವಿಗೆ ಪಿಸುಗುಟ್ಟಿದ್ರು. ಯಾರು ಅಂತ ತಿರುಗಿ ನೋಡಬೇಡಿ, ಇಲ್ಲಿ ಆ ಮಾತು ಆಡದವರು ಸಿಗೋದು ಕಷ್ಟ. ಇವತ್ತು ಪ್ರಸಾದ ಮೊದಲು ಮಕ್ಕಳಿಗೆ. ಸುಮ್ಮನೆ ಕೂತವರಿಗೂ ಕೊಡಿ, ಗಲಾಟೆ ಮಾಡಿದವರಿಗೂ ಅಷ್ಟೇ ಕೊಡಿ. ಎಡಗೈ ಚಾಚಿದ್ರೆ ಗದರಬೇಡಿ. ಯಾಕೆ ಕಂದ ಅಂತ ಒಂದು ಸಲ ಕೇಳಿ.