ಸುಳ್ಳೂರು ಕಟ್ಟಿದ ಅಕ್ಕ

ಸಭೆಯಲ್ಲಿರುವ ಹಿರಿಯರೇ, ತರಬೇತಿ ಕೇಂದ್ರದ ನನ್ನ ಸಹೋದ್ಯೋಗಿಗಳೇ, ದೂರದಿಂದ ರಜೆ ಹಾಕಿ ಬಂದಿರೋ ಸೈನಿಕ ಬಂಧುಗಳೇ — ಮತ್ತೆ ಇಲ್ಲಿ ನನ್ನ ಎದುರಿಗೇ ಕೂತಿರೋ ಭಾವನವರೇ, ಮಗಳೇ — ಎಲ್ಲರಿಗೂ ನಮಸ್ಕಾರ.

ಮೊದಲು ನಾನು ಯಾರು ಅಂತ ಹೇಳಿಬಿಡ್ತೀನಿ. ಯಾಕೆಂದ್ರೆ ಹಿಂದೆ ಕೂತಿರೋ ಸೈನಿಕರು ನನ್ನ ಮುಖ ನೋಡಿ ಆಗ್ಲೇ ಪಿಸುಗುಡ್ತಿದ್ದಾರೆ, 'ಇವನ್ಯಾಕೆ ಇಲ್ಲಿಗೂ ಬಂದ' ಅಂತ. ನಾನು ಅಕ್ಕನ ವೈರಿ. ಸಂಬಳ ತಗೊಂಡು ಆಗಿದ್ದ ವೈರಿ. ನಮ್ಮ ಕೇಂದ್ರದಲ್ಲಿ ನಡೆಯೋ ಯುದ್ಧಾಭ್ಯಾಸಗಳಲ್ಲಿ ಶತ್ರು ಪಕ್ಷದ ಮುಖ್ಯಸ್ಥ ನಾನೇ. ಅಭ್ಯಾಸ ಎಲ್ಲಿ ಶುರುವಾಗಬೇಕು, ಎಲ್ಲಿ ಏನು ಕೆಡಬೇಕು, ಯಾವಾಗ ರೇಡಿಯೋ ಸಾಯಬೇಕು ಅಂತ ರೂಪಿಸ್ತಿದ್ದೋರು ಅಕ್ಕ. ಅವರು ಹೇಳಿದ ಹಾಗೆ ಕೆಡಿಸ್ತಿದ್ದೋನು ನಾನು. ಅವರ ಮನೆಗೆ ಹೋದ್ರೆ ಬಾಗಿಲಲ್ಲೇ ಕೂಗೋರು — "ರೀ, ವೈರಿ ಬಂದ! ಇನ್ನೊಂದು ತಟ್ಟೆ ಹಾಕಿ!"

ದುಃಖ ಇದೆ. ಇಲ್ಲ ಅನ್ನಲ್ಲ. ಆದ್ರೆ ನಿಜ ಹೇಳ್ಬೇಕು ಅಂದ್ರೆ, ನನ್ನ ಎದೇಲಿ ದುಃಖಕ್ಕಿಂತ ದೊಡ್ಡದಾಗಿ ಒಂದು ನಿರಾಳ ಕೂತಿದೆ. ಶ್ರದ್ಧಾಂಜಲಿ ಸಭೇಲಿ ಹೀಗೆ ಹೇಳ್ತಾನಲ್ಲ ಅಂತ ತಪ್ಪು ತಿಳೀಬೇಡಿ. ಯಾಕೆ ಅಂತ ಹೇಳ್ತೀನಿ, ಕೇಳಿ.

ಸುಳ್ಳೂರು ಗೊತ್ತಲ್ಲ? ಗೊತ್ತಿಲ್ಲದೋರಿಗೆ ಹೇಳ್ತೀನಿ. ನಮ್ಮ ಕೇಂದ್ರದ ಹಿಂದಿನ ಬಯಲಲ್ಲಿ ಒಂದು ಊರಿದೆ — ಊರಲ್ಲ, ಊರಿನ ವೇಷ. ಸಿಮೆಂಟ್ ಇಟ್ಟಿಗೆಯ ಮನೆಗಳು, ಒಂದು ಅಂಗಡಿ, ಒಂದು ಶಾಲೆ, ಒಣಗಿದ ಕಾಲುವೆ ಮೇಲೊಂದು ಸೇತುವೆ. ಪಡೆಗಳು ಅಲ್ಲಿಗೆ ಬಂದು ಯುದ್ಧ ಕಲೀತವೆ. ಅಕ್ಕ ಬರೋ ಮುಂಚೆ ಅದು ಬರೀ ಗೋಡೆಗಳ ಗುಂಪು. ಕಿಟಕಿಗೊಂದು ರಟ್ಟಿನ ಮನುಷ್ಯ. ಕೆಂಪು ಬಳಿದಿದ್ರೆ ಶತ್ರು, ಹೊಡಿ. ನೀಲಿ ಬಳಿದಿದ್ರೆ ನಮ್ಮೋನು, ಬಿಡು. ಅಷ್ಟೇ ಯುದ್ಧ!

ಅಕ್ಕ ಮೊದಲ ಸಲ ಅಲ್ಲಿಗೆ ಬಂದಾಗ ಹೀಗೆ ಸೊಂಟದ ಮೇಲೆ ಕೈ ಇಟ್ಕೊಂಡು ಸುತ್ತ ನೋಡಿದ್ರು. ನೋಡಿ ಕೇಳಿದ್ರು — "ಈ ಊರಲ್ಲಿ ಯಾರೂ ಬಟ್ಟೆ ಒಗೆಯಲ್ವಾ?"

ಮಾರನೇ ದಿನ ಮನೆಯಿಂದ ಮನೆಗೆ ಹಗ್ಗ ಬಂತು. ಹಗ್ಗದ ಮೇಲೆ ಅಂಗಿ, ಚಡ್ಡಿ, ಹೊದಿಕೆ ಬಂತು. ಆಮೇಲೆ ಜನ ಬಂದ್ರು — ನಿವೃತ್ತ ಮೇಷ್ಟ್ರು, ನಾಟಕದೋರು, ಹೊಲಿಗೆ ಕೆಲಸದ ಹೆಂಗಸರು. ಒಬ್ಬೊಬ್ಬರಿಗೂ ಅಕ್ಕ ಒಂದೊಂದು ಬದುಕು ಕೊಟ್ಟು ಕಳಿಸೋರು. "ನೀವು ಔಷಧಿ ಅಂಗಡಿಗೆ ಹೊರಟಿದ್ದೀರಿ. ನೀವು ಅತ್ತೆ ಜೊತೆ ಜಗಳ ಆಡಿ ತವರಿಗೆ ಹೊರಟಿದ್ದೀರಿ. ಸೈನಿಕ ತಡೆದ್ರೆ ನಟನೆ ಮಾಡ್ಬೇಡಿ — ನಿಜವಾಗ್ಲೂ ಸಿಟ್ಟು ಬರ್ಲಿ." ಯಾರೋ ಕೇಳಿದ್ರು, ಯುದ್ಧಕ್ಕೂ ಅತ್ತೆ ಜಗಳಕ್ಕೂ ಏನಮ್ಮಾ ಸಂಬಂಧ ಅಂತ. ಅಕ್ಕ ಹೇಳಿದ್ರು, "ಈಗಿನ ಯುದ್ಧ ಬಯಲಲ್ಲಿ ನಡೆಯಲ್ಲ ಕಣಪ್ಪಾ. ಅತ್ತೆ ಸೊಸೆ ಇರೋ ಮನೆ ಮುಂದೆ ನಡೆಯುತ್ತೆ."

ಸುಳ್ಳೂರಿಗೆ ಒಂದು ಹಳೇ ಬಸ್ಸೂ ಬಂತು, ಅದಕ್ಕೊಬ್ಬ ಡ್ರೈವರ್ ಬೇಕಿತ್ತು. ಭಾವನವರು ಆಗಷ್ಟೇ ಸಿಟಿ ಬಸ್ಸಿನಿಂದ ನಿವೃತ್ತಿ ಆಗಿದ್ರು. "ಮನೇಲಿ ಕೂತು ನನ್ನ ತಲೆ ತಿನ್ನೋ ಬದಲು ಬನ್ನಿ" ಅಂತ ಎಳ್ಕೊಂಡು ಬಂದ್ರು. ಈ ಸಭೇಲಿ ಅತಿ ಹೆಚ್ಚು ಸಲ ಸತ್ತಿರೋ ಮನುಷ್ಯ ಅಂದ್ರೆ ನಮ್ಮ ಭಾವನವರೇ! ಸತ್ತು ಸತ್ತು ಎಷ್ಟು ಅಭ್ಯಾಸ ಆಗಿತ್ತು ಅಂದ್ರೆ — ಸ್ಟೀರಿಂಗ್ ಮೇಲೆ ಹೀಗೆ ತಲೆ ಇಟ್ಟು ಗೊರಕೆ ಹೊಡೆಯೋರು. — ನಗಿ ಭಾವ, ನಗಬಹುದು. ಅಕ್ಕ ಇದ್ದಿದ್ರೆ ಎಲ್ಲರಿಗಿಂತ ಮೊದಲು ನಗ್ತಿದ್ರು.

ಈಗ ಕಮಾಂಡರ್ ಸಾಹೇಬರ ವಿಷಯಕ್ಕೆ ಬರ್ತೀನಿ. ಅವರೂ ಇಲ್ಲೇ ಇದ್ದಾರೆ. ಅವರಿಗೆ ಸೈನಿಕರು ಇಟ್ಟ ಹೆಸರು 'ಸಾಸಿವೆ ಸಾಹೇಬ್ರು'. ಕ್ಷಮಿಸಿ ಸಾರ್, ಈ ಹೆಸರು ನಿಮಗೂ ಗೊತ್ತು ಅಂತ ನಮಗೂ ಗೊತ್ತು. ಕಾದ ಎಣ್ಣೆಗೆ ಬಿದ್ದ ಸಾಸಿವೆ ಥರ ಚಟಪಟ ಸಿಡಿಯೋ ಮನುಷ್ಯ. ಆದ್ರೆ ತಮ್ಮ ಹುಡುಗರ ಮೇಲೆ ಪ್ರಾಣ.

ಕಳೆದ ವರ್ಷ ಅವರ ಪಡೆ ಗಡಿಯ ಒಂದು ಪಟ್ಟಣಕ್ಕೆ ಹೊರಡಬೇಕಿತ್ತು. ಸುತ್ತ ಯುದ್ಧ, ನಡುವೆ ಜನ. ಆ ಜನರನ್ನ ಸೇತುವೆ ದಾಟಿಸಿ ಹೊರಗೆ ಕಳಿಸೋ ಕೆಲಸ. ಹೊರಡೋ ಮುಂಚೆ ಸುಳ್ಳೂರಲ್ಲಿ ಅಭ್ಯಾಸ. ಅಕ್ಕ ಏನು ಮಾಡಿದ್ರು ಗೊತ್ತಾ? ಸಾಹೇಬರ ಹಳೇ ಭಾಷಣಗಳನ್ನೆಲ್ಲ ತರಿಸಿ, ಕಂಪ್ಯೂಟರ್ ವಿಭಾಗಕ್ಕೆ ಕೊಟ್ಟು, ಅವರದೇ ದನಿ ತಯಾರು ಮಾಡಿಸಿದ್ರು. ನಾನು ಇಲ್ಲಿ ಟೈಪ್ ಮಾಡಿದ್ರೆ ಅಲ್ಲಿ ರೇಡಿಯೋದಲ್ಲಿ ಸಾಹೇಬರು ಮಾತಾಡೋರು. ಕೆಮ್ಮು ಸಮೇತ. ಬೈಗುಳ ಸಮೇತ.

ಭಾವನವರ ಬಸ್ಸು ತುಂಬ ಜನ ತುಂಬ್ಕೊಂಡು ಸೇತುವೆ ಕಡೆ ಬಂತು. ಸೇತುವೆ ಕಾಯ್ತಿದ್ದೋನು ಒಬ್ಬ ಚಿಕ್ಕ ವಯಸ್ಸಿನ ಲೆಫ್ಟಿನೆಂಟ್. ನಾನು ಟೈಪ್ ಮಾಡಿದೆ — 'ಆ ಬಸ್ಸಲ್ಲಿ ಸ್ಫೋಟಕ ಇದೆ. ಸೇತುವೆ ಮುಟ್ಟೋ ಮುಂಚೆ ಹೊಡೀರಿ.' ಸಾಹೇಬರ ದನಿ. ಸಾಹೇಬರ ಗತ್ತು. ಹುಡುಗ ಒಂದು ಕ್ಷಣ ಹಿಂದೆ ಮುಂದೆ ನೋಡಿದ. 'ಕಿವಿ ಕೇಳಿಸ್ತಿಲ್ವೇನೋ!' ಅಂತ ಇನ್ನೊಂದು ಸಾಲು ಹಾಕಿದೆ.

ಹೊಡೆದ.

ಖಾಲಿ ಮದ್ದು, ಬರೀ ಸದ್ದು ಹೊಗೆ. ಆದ್ರೆ ಅಭ್ಯಾಸ ಮುಗೀತು ಅಂತ ಸೀಟಿ ಊದಿದಾಗ ಬಸ್ಸಲ್ಲಿ ಒಬ್ರೂ ಬದುಕಿರಲಿಲ್ಲ. ತವರಿಗೆ ಹೊರಟ ಸೊಸೆ, ಔಷಧಿಗೆ ಹೊರಟ ಮೇಷ್ಟ್ರು, ಭಾವನವರು — ಎಲ್ಲಾ ಹೋದ್ರು.

ಸಾಹೇಬರು ನಮ್ಮ ನಿಯಂತ್ರಣ ಕೋಣೆಗೆ ನುಗ್ಗಿದ್ರು ನೋಡಿ! ಬಾಗಿಲು ಗೋಡೆಗೆ ಬಡಿದ ರಭಸಕ್ಕೆ ಮೇಜಿನ ಮೇಲಿದ್ದ ಲೋಟ ಉರುಳಿತು. "ಇದೇನಮ್ಮಾ ಇದು, ಯುದ್ಧಾಭ್ಯಾಸವಾ, ಮಾಟವಾ? ನನ್ನ ದನಿ ಕದ್ದು ನನ್ನ ಹುಡುಗರ ಕೈಲೇ ಪಾಪ ಮಾಡಿಸ್ತೀರಾ? ಇದನ್ನ ತೆಗೀರಿ. ಈ ಭಾಗ ನಡೆದೇ ಇಲ್ಲ ಅಂದ್ಕೊಳ್ಳಿ."

ಅಕ್ಕ ಉರುಳಿದ ಲೋಟ ಎತ್ತಿಟ್ರು. "ಕೂತ್ಕೊಳ್ಳಿ" ಅಂದ್ರು.

ಸಾಹೇಬರು ಕೂರಲಿಲ್ಲ. ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು, ಕೇಳಿ. "ನಾಳೆ ಗುಂಡು ಹಾರೋವಾಗ ನನ್ನ ಹುಡುಗರು ನನ್ನ ಮಾತನ್ನೇ ಅನುಮಾನಿಸಿದ್ರೆ? ಇದು ಆಜ್ಞೆಯೋ ಮೋಸವೋ ಅಂತ ಯೋಚಿಸ್ತಾ ನಿಂತ್ರೆ? ನಿಂತಲ್ಲೇ ಸಾಯ್ತಾರೆ! ನಂಬಿಕೆ ಇಲ್ಲದ ಸೈನ್ಯ ಸೈನ್ಯವಾ?"

ಅಕ್ಕ ಅವರ ಕಡೆ ಒಂದು ಕುರ್ಚಿ ಸರಿಸಿದ್ರು. ಆಮೇಲೆ ಹೇಳಿದ್ರು — "ನಿಮ್ಮ ಮಾತು ನಂಬಲಿ. ನಂಬಲೇಬೇಕು. ಆದ್ರೆ ನಿಮ್ಮ ದನಿಯನ್ನ ನಂಬೋದು ಬೇಡ. ಮಾತು ನಿಮ್ಮದು. ದನಿ ಈಗ ಯಾರದ್ದು ಬೇಕಾದ್ರೂ ಆಗಬಹುದು."

ಸಾಹೇಬರು ಆಗ ಕೂತ್ರು.

ಆಮೇಲೆ ಅಕ್ಕ ಒಂದು ಕೆಲಸ ಮಾಡಿದ್ರು. ಹೊಡೆದ ಸೈನಿಕರನ್ನ ಗದರಲಿಲ್ಲ, ಪಾಠ ಮಾಡಲಿಲ್ಲ. ಸುಳ್ಳೂರಿನ ಶಾಲೆಯ ಬೆಂಚುಗಳ ಮೇಲೆ ಅವರನ್ನೂ ಬಸ್ಸಲ್ಲಿ ಸತ್ತವರನ್ನೂ ಅಕ್ಕಪಕ್ಕ ಕೂರಿಸಿ ಚಹಾ ಕೊಡಿಸಿದ್ರು. ಹೊಲಿಗೆ ಹೆಂಗಸು ಆ ಲೆಫ್ಟಿನೆಂಟ್‌ಗೆ ಹೇಳ್ತಿದ್ರು, "ನಾನು ತವರಿಗೆ ಹೊರಟಿದ್ದೆ ಕಣಪ್ಪಾ. ನಿಜ ಜೀವನದಲ್ಲೂ ನಮ್ಮತ್ತೆ ಹಾಗೇನೆ." ಹುಡುಗ ನಕ್ಕ. ನಗ್ತಾ ನಗ್ತಾ ಲೋಟ ಕೆಳಗಿಟ್ಟು, ಎರಡೂ ಕೈಯಲ್ಲಿ ಹೀಗೆ ಮುಖ ಮುಚ್ಕೊಂಡ. ಅಕ್ಕ ಅವನ ಬೆನ್ನ ಮೇಲೆ ಕೈ ಇಟ್ರು. "ಇಲ್ಲಿ ಆಗಿದ್ದು ಒಳ್ಳೇದೇ ಆಯ್ತು ಮಗಾ. ಇಲ್ಲಿ ಸತ್ತೋರಿಗೆ ಚಹಾ ಕುಡಿಸಬಹುದು."

ಹಾಗಾದ್ರೆ ಮುಂದೇನು ಮಾಡೋದು? ಗುಪ್ತ ಪದ ಇಟ್ಕೊಂಡ್ರೆ ಶತ್ರು ಕದ್ದು ಕೇಳ್ತಾನೆ. ಆಗ ಎಲ್ಲರೂ ಕೂಡಿ ತೀರ್ಮಾನ ಮಾಡಿದ್ರು — ಜೀವ ತೆಗೆಯೋ ಆಜ್ಞೆ ಬಂದ್ರೆ ತಿರುಗಿ ಒಂದು ಪ್ರಶ್ನೆ ಕೇಳ್ಬೇಕು. ಆ ಪಡೇಲಿ ಒಟ್ಟಿಗೆ ಉಂಡು ಮಲಗಿದೋರಿಗೆ ಮಾತ್ರ ಗೊತ್ತಿರೋ ಯಾವುದಾದ್ರೂ ಸಣ್ಣ ಸಂಗತಿ. ಪ್ರತಿ ಸಲ ಬೇರೆ ಪ್ರಶ್ನೆ. ಎಲ್ಲರೂ ಹೂಂ ಅಂದ್ರು. ಲೆಫ್ಟಿನೆಂಟ್ ಮಾತ್ರ ತಲೆ ಕೆರ್ಕೊಂಡ. "ಮೇಡಂ, ಆ ಹೊತ್ತಲ್ಲಿ ಸಾಹೇಬ್ರಿಗೆ ಪ್ರಶ್ನೆ ಕೇಳಿದ್ರೆ... ಬೈತಾರೆ."

ಅಕ್ಕ ಅಲ್ಲೇ ಕೂತಿದ್ದ ಸಾಹೇಬರ ಕಡೆ ತಿರುಗಿದ್ರು. ಸಾಹೇಬರ ಮುಖ ಕೆಂಪಗಾಯ್ತು. ಸಿಡಿಯುತ್ತೆ ಈಗ ಸಾಸಿವೆ ಅಂದ್ಕೊಂಡ್ವಿ. ಸಿಡಿಯಲಿಲ್ಲ. "ಬೈಯಲ್ಲ" ಅಂದ್ರು. "ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟು ಬಂತು ಅಂದ್ರೆ — ಅದು ನಾನಲ್ಲ ಅಂತ ತಿಳ್ಕೊಳ್ಳಿ."

ಮತ್ತೆ ಮತ್ತೆ ಮಾಡಿಸಿದ್ರು ಅಕ್ಕ. ಬೆಳಿಗ್ಗೆ ಮಾಡಿಸಿದ್ರು, ಧೂಳಲ್ಲಿ ಮಾಡಿಸಿದ್ರು, ಹಸಿದ ಹೊಟ್ಟೇಲಿ ಮಾಡಿಸಿದ್ರು. ಸಾಹೇಬರು ಹಲ್ಲು ಕಚ್ಚಿ ತಾಳ್ಮೆ ಕಲಿತ್ರು. ಪಡೆ ಹೊರಟುಹೋಯ್ತು.

ಅಕ್ಕನಿಗೆ ಮೊದಲಿಂದ ಇದ್ದ ಎದೆಯ ಕಾಯಿಲೆ ಜಾಸ್ತಿ ಆಗಿದ್ದು ಆಮೇಲೆ. ಆಸ್ಪತ್ರೆ ಸೇರಿದ್ರು. ಒಂದು ಮಧ್ಯಾಹ್ನ ನಾನು ನೋಡೋಕೆ ಹೋದಾಗ ವಾರ್ಡಿನ ಹೊರಗೆ ಜನ ಫೋನ್ ಹಿಡ್ಕೊಂಡು ನಿಂತಿದ್ರು. ಸೇತುವೆ ಮೇಲೆ ಉರೀತಿರೋ ಬಸ್ಸಿನ ವಿಡಿಯೋ. ಕೆಳಗೆ ಬರೆದಿತ್ತು, ನಮ್ಮ ಪಡೆಯೇ ಹೊಡೀತು, ಒಳಗಿದ್ದೋರು ಯಾರೂ ಉಳಿದಿಲ್ಲ ಅಂತ.

ಒಳಗೆ ಹೋದೆ. ಅಕ್ಕನಿಗೆ ಆಗ್ಲೇ ಗೊತ್ತಾಗಿತ್ತು. ನರ್ಸ್ ಕೈಲಿದ್ದ ಫೋನ್ ಇಸ್ಕೊಂಡು ಆ ವಿಡಿಯೋನ ಮತ್ತೆ ಮತ್ತೆ ನೋಡ್ತಿದ್ರು. "ಅಕ್ಕಾ, ಸುಳ್ಳಿರಬಹುದು" ಅಂದೆ. "ಇರಬಹುದು" ಅಂದ್ರು. "ಗೊತ್ತಾಗ್ತಿಲ್ಲ ಕಣೋ. ನನಗೂ ಗೊತ್ತಾಗ್ತಿಲ್ಲ." ಭಾವನವರು ಅವರ ಪಾದ ಹಿಡ್ಕೊಂಡು ಕೂತಿದ್ರು. ಊಟದ ತಟ್ಟೆ ಬಂತು, ಹಾಗೇ ವಾಪಸ್ ಹೋಯ್ತು. ಗಡಿಯ ಕಡೆ ಯಾವ ಫೋನೂ ಸಿಗ್ತಿರಲಿಲ್ಲ. ನಾನು ಕಿಟಕಿ ಹತ್ರ ನಿಂತು, ಆ ಲೆಫ್ಟಿನೆಂಟ್ ಹುಡುಗನ ಕೈಲೇ ಇದು ಆಗಿದ್ರೆ ಅವನ ತಾಯಿಗೆ ಏನು ಹೇಳೋದು ಅಂತ ಯೋಚಿಸ್ತಿದ್ದೆ.

ಬಿಸಿಲು ಇಳಿಯೋ ಹೊತ್ತಿಗೆ ಫೋನ್ ಬಂತು. ಭಾವನವರು ಅದನ್ನ ಅಕ್ಕನ ಕಿವಿಗೆ ಹಿಡಿದ್ರು. ಸಾಹೇಬರ ದನಿ, "ಅಮ್ಮಾ, ನಾನು —"

ಅಕ್ಕ ತಡೆದ್ರು! ಆ ಸ್ಥಿತೀಲೂ ತಡೆದ್ರು. "ನಿಲ್ಲಿ. ನಮ್ಮ ಮನೆಗೆ ಬಂದಾಗ ಏನು ಮುರಿದ್ರಿ, ಅದನ್ನ ಮೊದಲು ಹೇಳಿ."

ಆ ಕಡೆಯಿಂದ ಒಂದು ಕೆಮ್ಮು. ಆಮೇಲೆ — ತುಂಬ ತಾಳ್ಮೆಯಿಂದ — "ಬೆತ್ತದ ಕುರ್ಚಿ ಅಮ್ಮಾ. ಇನ್ನೂ ರಿಪೇರಿ ಮಾಡಿಸಿಕೊಟ್ಟಿಲ್ಲ."

ಅಕ್ಕ ಕಣ್ಣು ಮುಚ್ಚಿದ್ರು. "ಈಗ ಹೇಳಿ."

"ಎಲ್ಲರೂ ಇದ್ದಾರೆ. ಬಸ್ಸು ದಾಟಿತು."

ಅಷ್ಟೇ. ಭಾವನವರು ಫೋನ್ ಹಿಡ್ಕೊಂಡೇ ಅಳೋಕೆ ಶುರು ಮಾಡಿದ್ರು. ಅಕ್ಕ ಕಣ್ಣು ಬಿಟ್ಟು ನನ್ನನ್ನ ಏನು ಕೇಳಿದ್ರು ಗೊತ್ತಾ? "ಆ ಊಟದ ತಟ್ಟೆ ವಾಪಸ್ ತರಿಸ್ತೀಯಾ? ಹಸಿವಾಗ್ತಿದೆ."

ನಡೆದಿದ್ದೇನು ಅಂತ ಆ ಲೆಫ್ಟಿನೆಂಟೇ ಆಮೇಲೆ ಬಂದು ಹೇಳಿದ, ಅಕ್ಕನ ಮನೇಲಿ ಅವರ ಮುಂದೆ ನೆಲದ ಮೇಲೆ ಕೂತು. ನಿಜವಾಗ್ಲೂ ಬಸ್ಸು ಬಂದಿತ್ತು. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದ್ರು, ಒಳಗೆ ಯಾರಿದ್ದಾರೆ ಕಾಣ್ತಿರಲಿಲ್ಲ. ರೇಡಿಯೋದಲ್ಲಿ ಸಾಹೇಬರ ದನಿ ಬಂತು — ಹೊಡಿ. ಹುಡುಗ ಕೇಳಿದ, "ಸಾರ್, ಬೆಳಿಗ್ಗೆ ನನ್ನ ತಟ್ಟೆಯಿಂದ ಏನು ಎತ್ಕೊಂಡ್ರಿ?" ಆ ದನಿಗೆ ಕೋಪ ಬಂತು. "ಪ್ರಶ್ನೆ ಕೇಳೋ ಹೊತ್ತೇನೋ ಇದು, ಮುಠ್ಠಾಳ!" ಅಂತ ಸಿಡೀತು. ಸಾಕ್ಷಾತ್ ಸಾಸಿವೆ ಸಾಹೇಬ್ರೇ! ಶತ್ರುಗಳು ಹಳೇ ಸಾಹೇಬರನ್ನ ಅಷ್ಟು ಚೆನ್ನಾಗಿ ಕಲಿತಿದ್ರು. ಹೊಸ ಸಾಹೇಬರು ಅವರಿಗೆ ಗೊತ್ತೇ ಇರಲಿಲ್ಲ.

ಹುಡುಗ ಬಂದೂಕು ಇಳಿಸಿದ. ಬಸ್ಸು ನಿಲ್ಲಿಸಿ, ದೂರದಿಂದಲೇ ಒಬ್ರನ್ನ ಇಳಿಸಿ ಮಾತಾಡಿಸಿದ. ಒಳಗಿದ್ದೋರು ಆಸ್ಪತ್ರೆಯ ರೋಗಿಗಳು, ಜೊತೆಗೊಬ್ಬಳು ನರ್ಸು. ಗಾಜು ಒಡೆದು ಸಿಡಿದ್ರೆ ರೋಗಿಗಳಿಗೆ ತಾಗಬಾರದು ಅಂತ ಕಂಬಳಿ ಕಟ್ಟಿದ್ದು. ಫೋನಲ್ಲಿ ಓಡಾಡಿದ ವಿಡಿಯೋ ಎಲ್ಲಿಯದೋ, ಯಾವ ಕಾಲದ್ದೋ.

ಹುಡುಗ ಹೇಳಿ ಮುಗಿಸಿದಾಗ ಅಕ್ಕ ಕೇಳಿದ್ದು ಒಂದೇ — "ಭಯ ಆಯ್ತಾ?" "ಆಯ್ತು ಮೇಡಂ. ಪ್ರಶ್ನೆ ಕೇಳೋವಾಗ ನಾಲಿಗೆ ಒಣಗಿತ್ತು." "ಒಣಗಲಿ ಬಿಡು" ಅಂದ್ರು. "ಕೇಳಿದೆಯಲ್ಲ."

ಅದಾದ ಮೇಲೂ ಅಕ್ಕ ಕೆಲವು ತಿಂಗಳು ಇದ್ರು. ಅದೂ ಒಳ್ಳೆಯ ತಿಂಗಳುಗಳು. ಮಗಳು ಬಂದು ಜೊತೇಲಿದ್ದಳು. ಬೆಳಿಗ್ಗೆ ತಡವಾಗಿ ಏಳೋರು — ಕೆಲಸದ ದಿನಗಳಲ್ಲಿ ಒಮ್ಮೆಯೂ ಮಾಡದ ಕೆಲಸ ಅದು! ನಾನು ಹೋದ್ರೆ ಮುಂದಿನ ಅಭ್ಯಾಸದ ಬಗ್ಗೆ ಮಾತಾಡ್ತಾರೆ ಅಂದ್ಕೊಂಡಿದ್ದೆ. ಇಲ್ಲ. ಮೊಮ್ಮಗಳ ಹಲ್ಲು ಬಿದ್ದಿದ್ದು, ಪಕ್ಕದ ಮನೆಯೋರ ಬೆಕ್ಕು ಮರಿ ಹಾಕಿದ್ದು, ಇದೇ ಮಾತು. ಕೊನೆಯ ದಿನ ಮಧ್ಯಾಹ್ನ ಊಟ ಮಾಡಿ, ಸ್ವಲ್ಪ ಒರಗ್ತೀನಿ ಅಂದ್ರಂತೆ. ಭಾವನವರು ದಿಂಬು ಸರಿ ಮಾಡಿದ್ರಂತೆ. ಮಗಳು ನನಗೆ ಹೇಳಿದಳು — "ಮಾಮಾ, ಅಮ್ಮನಿಗೆ ನೋವಾಗಲಿಲ್ಲ. ಮುಖ ನೋಡಿದ್ರೆ ಗೊತ್ತಾಗ್ತಿತ್ತು."

ಅದನ್ನ ಕೇಳಿದಾಗ್ಲೇ ನನಗೆ ನಿರಾಳ ಆಗಿದ್ದು. ಅಕ್ಕ ಭಾರ ಹೊತ್ಕೊಂಡು ಹೋಗಲಿಲ್ಲ. ಆ ಹುಡುಗರ ಸುದ್ದಿ ತಿಳಿಯದೆ ಹೋಗಲಿಲ್ಲ. ಆ ಸಂಜೆಯ ಫೋನ್ ಬೇರೆ ಥರ ಬಂದಿದ್ರೆ ಎಷ್ಟೆಷ್ಟು ಮನೆಗಳಲ್ಲಿ ದೀಪ ಆರ್ತಿತ್ತು — ಇಲ್ಲಿಯ ಮನೆಗಳಲ್ಲಿ, ಅಲ್ಲಿ ನಾವು ಮುಖವನ್ನೇ ನೋಡದ ಜನರ ಮನೆಗಳಲ್ಲಿ. ಎಷ್ಟು ತಾಯಂದಿರು ಎದೆ ಬಡ್ಕೊಳ್ತಿದ್ರು. ಹಾಗಾಗಲಿಲ್ಲ. ಇವತ್ತು ನಾವಿಲ್ಲಿ ಸೇರಿರೋದು ಒಬ್ಬರಿಗೋಸ್ಕರ ಮಾತ್ರ. ತುಂಬು ಜೀವನ ನಡೆಸಿ, ತಮ್ಮ ಮನೇಲಿ, ತಮ್ಮೋರ ನಡುವೆ, ಊಟ ಮಾಡಿ ಮಲಗಿದ ಒಬ್ಬರಿಗೋಸ್ಕರ. ಇಂಥ ಸಾವಿಗೆ ಅಳೋದೂ ಒಂದು ಪುಣ್ಯ.

ನನ್ನ ಮಾತು ಮುಗೀತು. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೈಲಾಗದೋರು ಕೂತಲ್ಲೇ ತಲೆ ಬಾಗಿಸಿ, ಪರವಾಗಿಲ್ಲ. ಎಷ್ಟು ಹೊತ್ತು ಅಂತ ನಾನು ಹೇಳಲ್ಲ, ಗಡಿಯಾರನೂ ನೋಡಲ್ಲ. ಮೈಕ್ ಆರಿಸ್ತೀನಿ. ಭಾವನವರು ತಲೆ ಎತ್ತಿದಾಗ ನಾವೂ ಎತ್ತೋಣ.