ಸೋಡಚೀಟಿ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಶಿವರಂಜನಿ ಅಕ್ಕನವರೇ, ಸಿದ್ದಾಪುರ, ಯಲ್ಲಾಪುರಗಳಿಂದ ಬಸ್ಸು ಹಿಡಿದು ಬಂದಿರುವ ಅತಿಥಿಗಳೇ, ಇಸಳೂರು ಮಹಿಳಾ ಮಂಡಳದ ಸದಸ್ಯೆಯರೇ, ಅವರು ಎಳೆದುಕೊಂಡು ಬಂದಿರುವ ಯಜಮಾನರೇ, ಸಭಿಕರೇ, ಮತ್ತು ಈ ಸೆಕೆಯಲ್ಲೂ ಶಾಲು ಹೊದ್ದು ಕುಳಿತಿರುವ ನನ್ನ ಆಯಿಯೇ,

ಸನ್ಮಾನಿತರ ಬಗ್ಗೆ ಎರಡು ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಮಗಳು ತಾಯಿಯನ್ನು ಹೊಗಳಿದರೆ ಯಾರೂ ನಂಬುವುದಿಲ್ಲ, ತೆಗಳಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ. ಕಷ್ಟದ ಕೆಲಸವನ್ನೇ ಕೊಟ್ಟಿದ್ದೀರಿ.

ವಿನೋದಾ ಹೆಗಡೆಯವರು ಸಾಂಪ್ರದಾಯಿಕ ಮದುವೆ ಹಾಡುಗಳನ್ನು ಬಲ್ಲವರು ಎಂದು ಆಮಂತ್ರಣದಲ್ಲಿ ಬರೆದಿದ್ದೀರಿ. ಬಲ್ಲವರು ಎಂದರೆ ಸಾಲದು. ಅರಿಶಿನ ಹಚ್ಚುವ ಹಾಡಿನಿಂದ ಹೆಣ್ಣು ಒಪ್ಪಿಸುವ ಹಾಡಿನವರೆಗೆ ಪುಸ್ತಕ ನೋಡದೆ ಹೇಳುತ್ತಾರೆ. ಅವರ ಹಾಡಿಗೆ ಅತ್ತು ಗಂಡನ ಮನೆಗೆ ಹೋದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈಯೆತ್ತಿ ನೋಡೋಣ. ಅಬ್ಬಾ, ಎಷ್ಟೊಂದು ಕೈ! ಆದರೆ ಹಾಗೆ ಹಾಡಿದವರ ಸ್ವಂತ ಮದುವೆ ಉಳಿಯಲಿಲ್ಲ. ನಿಮಗೆಲ್ಲ ಗೊತ್ತಿರುವ ಸಂಗತಿ. ಇಷ್ಟು ಹೊತ್ತು ಮಾತಾಡಿದವರೆಲ್ಲ ಅದರ ಪಕ್ಕದಿಂದ ಮೆಲ್ಲಗೆ ದಾಟಿ ಹೋದರು. ಮಗಳಾದ ನನಗೆ ದಾಟಲು ಬರುವುದಿಲ್ಲ.

ಆಯಿ ನನ್ನನ್ನು ಕಟ್ಟಿಕೊಂಡು ಇಸಳೂರಿಗೆ ಬಂದ ಹೊಸದರಲ್ಲಿ ಮದುವೆ ಮನೆಗಳಿಗೆ ಕರೆಯುತ್ತಿದ್ದರು, ಹಾಡಲು ಮಾತ್ರ ಕರೆಯುತ್ತಿರಲಿಲ್ಲ. ಬೇಡ ಎಂದು ಯಾರೂ ಹೇಳಿದವರಲ್ಲ. "ವಿನೋದಾ, ನೀ ಒಳಗೆ ಆಸ್ರಿಗೆ ನೋಡ್ಕ್ಯ" ಎನ್ನುತ್ತಿದ್ದರು. ಬಂದವರಿಗೆ ಚಹಾ, ಪಾನಕ ನೋಡಿಕೊಳ್ಳುವ ಕೆಲಸ. ಒಂದು ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗ ಹಾಡುವವರಿಗೆ ನಡುವೆ ನುಡಿ ಮರೆತುಹೋಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಅಡುಗೆ ಮನೆಯಿಂದ ಮುಂದಿನ ನುಡಿ ಕೇಳಿಸಿತು. ಲೋಟ ತೊಳೆಯುತ್ತಲೇ ಆಯಿ ಹಾಡು ಮುಂದುವರಿಸಿದ್ದಳು. ಆಗ ಮದುಮಗಳ ಅಜ್ಜಿ ಗಟ್ಟಿಯಾಗಿ ಅಂದರು, "ಅವ್ಳ ದನಿ ಹೊರಗೆ ಬಂದಾತು. ಅವ್ಳು ಬಂದ್ರೆ ಎಂತ ಆಗ್ತು?" ಆಯಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಆಮೇಲೆ ಒಳಗೆ ಹೋಗಲಿಲ್ಲ.

ನಮ್ಮ ಕಡೆಯ ಹಿರಿಯರು ವಿಚ್ಛೇದನಕ್ಕೆ ಸೋಡಚೀಟಿ ಎನ್ನುತ್ತಿದ್ದರು. ಈಗಿನ ಮಕ್ಕಳು ಕೇಳಿರಲಿಕ್ಕಿಲ್ಲ. ನಾನು ಕೇಳಿದ್ದು ಎರಡನೇ ಇಯತ್ತೆಯಲ್ಲಿ. ರಜೆಗೆಂದು ಮಂಚಿಕೇರಿಯ ಅಪ್ಪನ ಮನೆಗೆ ಹೋಗಿದ್ದೆ. ದೊಡ್ಡಪ್ಪ ಯಾರಿಗೋ ಹೇಳುತ್ತಿದ್ದರು, "ದಿನಕರಂಗೆ ಸೋಡಚೀಟಿ ಸಿಕ್ಚಡ." ದಿನಕರ ನನ್ನ ಅಪ್ಪ. ಚೀಟಿ ತೋರಿಸಿದರೆ ರೇಷನ್ ಅಂಗಡಿಯಲ್ಲಿ ಸಕ್ಕರೆ ಕೊಡುವುದನ್ನು ನಾನು ನೋಡಿದ್ದೆ. ಹಾಗಿದ್ದಮೇಲೆ ಸೋಡಚೀಟಿ ತೋರಿಸಿದರೆ ಏನು ಕೊಡಬೇಕು, ನೀವೇ ಹೇಳಿ? ಅಪ್ಪ ಪೇಟೆಯಿಂದ ಬಂದದ್ದೇ ತಡ, ಓಡಿಹೋಗಿ ಕೈ ಹಿಡಿದೆ. "ಅಪ್ಪಾ, ಸೋಡಚೀಟಿ ಸಿಕ್ಚಡ! ಎಂಗೂ ಒಂದು ಸೋಡಾ ಕೊಡ್ಸು."

ಅಪ್ಪ ಬೈಯಲಿಲ್ಲ, ನಗಲೂ ಇಲ್ಲ. ಇಳಿದಿದ್ದ ಸ್ಕೂಟರನ್ನು ಮತ್ತೆ ಹತ್ತಿ, ನನ್ನನ್ನು ಮುಂದೆ ನಿಲ್ಲಿಸಿಕೊಂಡು ಅಂಗಡಿಗೆ ಹೋಗಿ ಗೋಲಿ ಸೋಡಾ ಕೊಡಿಸಿದ. ಗೋಲಿ ಒತ್ತಿದ ಸದ್ದಿಗೆ ನಾನು ಕುಣಿದೆ. ಅವನು ರಸ್ತೆಯ ಕಡೆ ತಿರುಗಿ ನಿಂತಿದ್ದ. ಅಂಥ ಸೋಡಾ ಮತ್ತೆಂದೂ ಕುಡಿದಿಲ್ಲ. ಇಸಳೂರಿಗೆ ವಾಪಸ್ಸು ಬಂದವಳು ಕಂಡಕಂಡವರಿಗೆಲ್ಲ ಹೇಳಿದೆ, "ಅಪ್ಪಂಗೆ ಚೀಟಿ ಸಿಕ್ಚು, ಎಂಗೆ ಸೋಡಾ ಸಿಕ್ಚು." ಆಯಿ ಕೇಳಿಸಿಕೊಂಡಳು, ತಿದ್ದಲಿಲ್ಲ. ಇಬ್ಬರೂ ಎಷ್ಟು ಒಳ್ಳೆಯವರು! ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು.

ಅವರು ಜಗಳವಾಡಿದ್ದು ನನಗೆ ನೆನಪೇ ಇಲ್ಲ. ಮನೆಯಲ್ಲಿ ಮಾತು ಕಡಿಮೆಯಾಗುತ್ತ ಬಂತು, ಒಂದು ದಿನ ನಿಂತಿತು, ಅಷ್ಟೇ. ಆದ್ದರಿಂದ ಗಂಡ ಹೆಂಡತಿ ಕೂಗಾಡುವ ಮನೆ ಕಂಡರೆ ನನಗೆ ಸಮಾಧಾನ; ಇನ್ನೂ ಮಾತಾಡುತ್ತಿದ್ದಾರಲ್ಲ ಅನ್ನಿಸುತ್ತದೆ. ಹೆದರಿಕೆ ಇರುವುದು ಸುಮ್ಮನೆ ಕೂರುವ ಗಂಡಸರದ್ದು. ಹೆಸರು ಹೇಳಬಾರದು. ಆದರೂ ಯಲ್ಲಾಪುರದ ದನದ ಡಾಕ್ಟರು ನವೀನ ಅವರು ಹಿಂದಿನ ಸಾಲಿನಲ್ಲಿ ಬಗ್ಗಿ ಕುಳಿತಿರುವುದು ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಒಮ್ಮೆ ಅವರೊಂದಿಗೆ ಅರಬೈಲ್ ಘಟ್ಟ ಇಳಿಯುವಾಗ ಪುಣ್ಯಾತ್ಮ ಬಾಯಿಯೇ ಬಿಡಲಿಲ್ಲ. ಘಟ್ಟದ ಬುಡ ಮುಟ್ಟುವುದರೊಳಗೆ ನಾನು ಮನಸ್ಸಿನಲ್ಲೇ ಇವರನ್ನು ಬಿಟ್ಟು, ಅತ್ತು, ಸುಧಾರಿಸಿಕೊಂಡೂ ಆಗಿತ್ತು. "ಎಂತ ಆತು?" ಎಂದು ಕೇಳಿದರೆ, "ಹಲ್ಲು ನೋವ್ತು ಮಾರಾಯ್ತಿ" ಅಂದರು.

ನಗಿ, ನಗಿ. ಇವರು ಮದುವೆಯ ಮಾತೆತ್ತಿದಾಗಲೆಲ್ಲ ನನ್ನ ಉತ್ತರ ಒಂದೇ: "ನಮ್ಮ ಆಯಿಯ ಕಥೆ ಗೊತ್ತಲ್ಲ." ಅದರ ಮುಂದೆ ಯಾರೂ ಮಾತಾಡುವಂತಿಲ್ಲ. ಹೋದ ವಾರ ಮನೆಗೇ ಬಂದು ಕೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ. ಆಯಿ ಪಕ್ಕದ ಕೋಣೆಯಲ್ಲಿದ್ದದ್ದು ಮರೆತುಹೋಗಿತ್ತು. ಬಾಗಿಲಿಗೆ ಬಂದು ನಿಂತಳು. ಅಷ್ಟು ಸಿಟ್ಟು ನಾನು ಅವಳಲ್ಲಿ ಕಂಡಿರಲಿಲ್ಲ.

"ಕೂಸೇ, ಮುರ್ದಿದ್ದು ಎನ್ನ ಮದುವೆ, ನಿಂದಲ್ಲ. ಅದ್ರಲ್ಲಿ ಚೊಲೊ ದಿನನೂ ಇದ್ದಿತ್ತು, ನಿಂಗೆ ಹೇಳಿದ್ನಿಲ್ಲೆ. ನಿಂಗೆ ಬೇಡದಿದ್ರೆ ಬೇಡ ಹೇಳು. ಎನ್ನ ಹೆಸರು ಹೇಳಡ."

ಸಭಿಕರೇ, ಆವತ್ತಿನಿಂದ ಆಯಿಯ ಹೆಸರು ಹೇಳದೆ ಬೇಡ ಅನ್ನುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಕನ್ನಡಿಯ ಎದುರು ನಿಂತು ಹೇಳಿಕೊಂಡೆ. ಬಸ್ಸಿನಲ್ಲಿ ಹೇಳಿಕೊಂಡು ಪಕ್ಕದವರಿಂದ ಬೈಸಿಕೊಂಡೆ. ಬೇಡ ಅನ್ನುವುದಕ್ಕೆ ನನ್ನದೇ ಆದ ಒಂದು ಕಾರಣ ಹುಡುಕಿದೆ. ಒಂದಾದರೂ ಇರಬೇಕಲ್ಲ? ಇಲ್ಲ.

ಇದನ್ನೆಲ್ಲ ಹೇಳಲು ಮೈಕಿನ ಎದುರು ಬಂದವಳಲ್ಲ ನಾನು. ಹಾಡಿನ ಬಗ್ಗೆ ಬರೆದುಕೊಂಡು ಬಂದ ಹಾಳೆ ಇಲ್ಲೇ ಇದೆ, ಓದಲಾಗಲಿಲ್ಲ. ಡಾಕ್ಟರೇ, ದಯವಿಟ್ಟು ಎದ್ದು ನಿಲ್ಲಬೇಡಿ, ನನ್ನ ಮಾತು ಮುಗಿದಿಲ್ಲ. ಹೆದರಿಕೆ ಹೋಗಿಲ್ಲ. ಹೋಗಲಿ ಎಂದು ಕಾಯುತ್ತ ಕುಳಿತರೆ ಇಬ್ಬರಿಗೂ ವಯಸ್ಸಾಗುತ್ತದೆ. ಹೆದರಿಕೊಂಡೇ ಹೇಳುತ್ತಿದ್ದೇನೆ, ಯಾರ ಹೆಸರನ್ನೂ ನಡುವೆ ತಾರದೆ, ಅಭಿಜ್ಞಾ ಎಂಬ ನಾನೇ ಹೇಳುತ್ತಿದ್ದೇನೆ: ಆಗಲಿ.

ಆಯಿ, ಕಣ್ಣು ಒರೆಸುವುದಾದರೆ ಕರವಸ್ತ್ರ ತಗೊ. ಅದು ಮಂಡಳದವರ ಹೊಸ ಶಾಲು. ಸನ್ಮಾನದ ಸಭೆಯನ್ನು ಸ್ವಂತ ಕೆಲಸಕ್ಕೆ ಬಳಸಿಕೊಂಡೆ, ಅಧ್ಯಕ್ಷರು ಮನ್ನಿಸಬೇಕು. ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.